ಫ್ಲ್ಯಾಶ್ ಬಳಸಿದಾಗ ಚಿತ್ರದ ಒಂದು ಬದಿ ಮಾತ್ರ ಬೆಳಗುವುದೇಕೆ?

ಪ್ರಶ್ನೆ:
ನಮ್ಮ ತಂದೆಯವರ ಪೆಂಟ್ಯಾಕ್ಸ್ ಕೆ1000 ಕ್ಯಾಮೆರಾದಲ್ಲಿ ಕಳೆದ ತಿಂಗಳು ಒಂದು ರೀಲು ತೆಗೆದೆ. ಬಿಸಿಲಿನಲ್ಲಿ 1/250 ಸೆಕೆಂಡಿಗೆ ತೆಗೆದ ಚಿತ್ರಗಳೆಲ್ಲ ಪೂರ್ತಿಯಾಗಿ ಮೂಡಿವೆ. ಅದೇ ವೇಗದಲ್ಲಿ ಮನೆಯೊಳಗೆ ಫ್ಲ್ಯಾಶ್ ಹಾಕಿ ತೆಗೆದವುಗಳಲ್ಲಿ ಮಾತ್ರ ಒಂದು ಬದಿಯ ಮೂರನೇ ಒಂದು ಪಾಲು ಬೆಳಗಿದ್ದು, ಉಳಿದದ್ದು ಕಪ್ಪಾಗಿದೆ. ಶಟರ್ ಕೆಟ್ಟಿದ್ದರೆ ಬಿಸಿಲಿನ ಚಿತ್ರಗಳೂ ಕೆಡಬೇಕಿತ್ತಲ್ಲವೇ? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1:
ನಿಮ್ಮ ಶಟರ್ ಸರಿಯಾಗಿಯೇ ಇದೆ. ಈ ಕ್ಯಾಮೆರಾದಲ್ಲಿ ಶಟರ್ ಎಂದರೆ ಫಿಲ್ಮಿನ ಮುಂದಿರುವ ಬಟ್ಟೆಯ ಎರಡು ಪರದೆಗಳು. ಗುಂಡಿ ಒತ್ತಿದೊಡನೆ ಮೊದಲನೆಯದು 36 ಮಿ.ಮೀ. ಅಗಲದ ಚೌಕಟ್ಟನ್ನು ದಾಟಿ ಓಡುತ್ತಾ ಫಿಲ್ಮನ್ನು ಬೆಳಕಿಗೆ ತೆರೆಯುತ್ತದೆ. ಎರಡನೆಯದು ಅದೇ ದಿಕ್ಕಿನಲ್ಲಿ ಬೆನ್ನಟ್ಟಿ ಬಂದು ಮುಚ್ಚುತ್ತದೆ. ಮುಖ್ಯ ಸಂಗತಿಯೆಂದರೆ, ಶಟರ್ ವೇಗವನ್ನು ಆರಿಸುವ ಡಯಲ್ ತಿರುಗಿಸಿದಾಗ ಪರದೆಗಳು ಓಡುವ ವೇಗ ಬದಲಾಗುವುದಿಲ್ಲ, ಎರಡನೆಯದು ಎಷ್ಟು ತಡವಾಗಿ ಹೊರಡುತ್ತದೆ ಎಂಬುದಷ್ಟೇ ಬದಲಾಗುತ್ತದೆ. ಚೌಕಟ್ಟನ್ನು ದಾಟಲು ಪ್ರತಿ ಪರದೆಗೂ 1/60 ಸೆಕೆಂಡಿಗಿಂತ ತುಸು ಕಡಿಮೆ ಸಮಯ ಬೇಕು. ಆದ್ದರಿಂದ 1/250ರಲ್ಲಿ ಮೊದಲ ಪರದೆ ಗುರಿ ಮುಟ್ಟುವ ಮೊದಲೇ ಎರಡನೆಯದು ಹೊರಟಿರುತ್ತದೆ, ಮತ್ತು ಅವೆರಡರ ನಡುವಿನ ಸೀಳೊಂದು ಫಿಲ್ಮಿನ ಮೇಲೆ ಹಾದುಹೋಗುತ್ತದೆ. 1/1000ರಲ್ಲಿ ಆ ಸೀಳಿನ ಅಗಲ ಎರಡು-ಮೂರು ಮಿಲಿಮೀಟರ್ ಮಾತ್ರ.

ಬಿಸಿಲು ನಿರಂತರವಾಗಿ ಬೀಳುವುದರಿಂದ ಸೀಳು ಹಾದುಹೋದಲ್ಲೆಲ್ಲ ಚಿತ್ರ ಮೂಡುತ್ತದೆ. ಫ್ಲ್ಯಾಶ್ ಹಾಗಲ್ಲ, ಮೊದಲ ಪರದೆಯ ಓಟ ಮುಗಿದ ಕ್ಷಣದಲ್ಲಿ ಸಾಮಾನ್ಯವಾಗಿ 1/1000 ಸೆಕೆಂಡಿಗಿಂತಲೂ ಕಡಿಮೆ ಹೊತ್ತು ಮಿಂಚಿ ಆರುತ್ತದೆ. ಆಗ ತೆರೆದಿದ್ದ ಪಟ್ಟಿಯೇ ನಿಮ್ಮ ಚಿತ್ರದಲ್ಲಿ ಬೆಳಗಿರುವ ಭಾಗ. ಡಯಲನ್ನು 60ಕ್ಕೆ, ಅಂದರೆ 1/60 ಸೆಕೆಂಡಿಗೆ, ಇಟ್ಟರೆ ಇಡೀ ಫಿಲ್ಮ್ ಒಮ್ಮೆಲೇ ತೆರೆದಿರುವ ಕ್ಷಣ ಸಿಗುತ್ತದೆ.

ಉತ್ತರ 2:
ಮೇಲಿನ ವಿವರಣೆಗೆ ಒಂದು ಮಾತು ಸೇರಿಸುತ್ತೇನೆ. ನಮ್ಮ ಊರುಗಳ ಸ್ಟುಡಿಯೋಗಳಲ್ಲಿದ್ದ ಯಾಶಿಕಾ ಮ್ಯಾಟ್‌ನಂತಹ ಎರಡು ಲೆನ್ಸಿನ ಕ್ಯಾಮೆರಾಗಳಿಗೆ ಈ ತೊಡಕಿರಲಿಲ್ಲ. ಅವುಗಳ ಶಟರ್ ಲೆನ್ಸಿನೊಳಗೇ ಇದ್ದು, ತೆಳುವಾದ ಲೋಹದ ಎಲೆಗಳು ನಡುವಿನಿಂದ ಹೊರಕ್ಕೆ ಸರಿದು ಮತ್ತೆ ಕೂಡಿಕೊಳ್ಳುತ್ತವೆ. ಅಲ್ಲಿ ಬೆಳಕು ಮೊದಲಿನಿಂದಲೂ ಇಡೀ ಫಿಲ್ಮಿನ ಮೇಲೆ ಬೀಳುವುದರಿಂದ 1/500ರಲ್ಲಿಯೂ ಫ್ಲ್ಯಾಶ್ ಹೊಂದಿಕೊಳ್ಳುತ್ತದೆ. ಆದರೆ ಎಲೆಗಳು ಹೋದ ದಾರಿಯಲ್ಲೇ ಹಿಂತಿರುಗಬೇಕಾದ ಕಾರಣ ಅದಕ್ಕಿಂತ ಹೆಚ್ಚಿನ ವೇಗ ಕಷ್ಟ.

ಉತ್ತರ 3:
ಪರದೆಯ ಓಟವನ್ನೇ ಚುರುಕುಗೊಳಿಸಿದ್ದು ಇನ್ನೊಂದು ದಾರಿ. 1982ರ ನಿಕಾನ್ ಎಫ್‌ಎಂ2ರಲ್ಲಿ ಹಗುರವಾದ ಟೈಟಾನಿಯಂ ಪಟ್ಟಿಗಳು ಅಡ್ಡಕ್ಕೆ 36 ಮಿ.ಮೀ. ಓಡುವ ಬದಲು ಮೇಲಿಂದ ಕೆಳಕ್ಕೆ 24 ಮಿ.ಮೀ. ಮಾತ್ರ ಓಡುತ್ತವೆ. ಹೀಗಾಗಿ ಅದರಲ್ಲಿ 1/200ರವರೆಗೂ ಫ್ಲ್ಯಾಶ್ ಬಳಸಬಹುದಾಗಿತ್ತು. ಬ್ಯಾಟರಿಯ ಹಂಗಿಲ್ಲದೆ ಕೇವಲ ಸ್ಪ್ರಿಂಗ್ ಮತ್ತು ಹಲ್ಲುಚಕ್ರಗಳಿಂದ 1/4000 ಸೆಕೆಂಡನ್ನು ಸಾಧಿಸಿದ ಆ ಯಂತ್ರದ ಬಗ್ಗೆ ನನಗೆ ಇಂದಿಗೂ ಅಪಾರ ಗೌರವವಿದೆ.

ನಿಮ್ಮ ಕ್ಯಾಮೆರಾದಲ್ಲಿ ಫ್ಲ್ಯಾಶಿಗೆ 1/30 ಕೂಡ ನಡೆಯುತ್ತದೆ. ಕೋಣೆಯ ದೀಪದ ಬೆಳಕೂ ಚಿತ್ರದಲ್ಲಿ ತುಸು ಹೆಚ್ಚಾಗಿ ಸೇರಿಕೊಳ್ಳುತ್ತದೆ, ಅಷ್ಟೇ. ಹಿಂಬಾಗಿಲು ತೆರೆದು ನೋಡುವಾಗ ಮಾತ್ರ ಪರದೆಗೆ ಬೆರಳು ತಾಗಿಸಬೇಡಿ.