ಫೈಬರ್ ದೋಣಿಯ ಡ್ಯಾಶ್‌ಬೋರ್ಡ್‌ನಲ್ಲಿ ಸ್ಕ್ರೂ ನಿಲ್ಲುತ್ತಿಲ್ಲ, ಬದಲಿಗೆ ಏನು ಹಾಕಬಹುದು?

ಯಗಚಿ ದಡ, ಬೇಲೂರು:
ಎಲ್ಲರಿಗೂ ನಮಸ್ಕಾರ. ಯಗಚಿ ಹಿನ್ನೀರಿನಲ್ಲಿ ಓಡಿಸುವ ಹದಿನಾರು ಅಡಿಯ ಫೈಬರ್ ದೋಣಿಯೊಂದರ ಉಸ್ತುವಾರಿ ನನ್ನದು. ಮೀಟರ್ ಹಾಗೂ ಸ್ವಿಚ್ಚುಗಳಿರುವ ಅದರ ಅಕ್ರಿಲಿಕ್ ಫಲಕವನ್ನು ಆರು ಸ್ಕ್ರೂಗಳಿಂದ ಕೂರಿಸಲಾಗಿದೆ. ಹಿಂದಿರುವ ಫ್ಯೂಸ್ ನೋಡಲೆಂದು ಪದೇ ಪದೇ ಬಿಚ್ಚಿದ್ದರಿಂದ ನಾಲ್ಕು ತೂತುಗಳು ಸವೆದಿದ್ದು, ಸ್ಕ್ರೂ ಸುಮ್ಮನೆ ಸುತ್ತುತ್ತದೆಯೇ ಹೊರತು ಬಿಗಿಯಾಗುವುದಿಲ್ಲ. ಒಂದು ಅಳತೆ ದೊಡ್ಡದನ್ನು ಹಾಕಿದೆ. ಎರಡೇ ತಿಂಗಳಲ್ಲಿ ಅದೂ ಸಡಿಲವಾಯಿತು. ಹಿಂಬದಿಗೆ ಕೈ ಹೋಗದ ಕಾರಣ ನಟ್ ಹಿಡಿಯಲಾಗದು. ಅಂಟು ಹಾಕಿಬಿಡಿ ಎಂದು ಕೆಲವರು ಹೇಳುತ್ತಾರೆ. ಮುಂದೆ ಫ್ಯೂಸ್ ಹೋದರೆ ಏನು ಮಾಡಲಿ?

ಹಳೇ ವರ್ಕ್‌ಶಾಪ್, ಸಕಲೇಶಪುರ:
ಅಂಟಿನ ಮಾತು ಬಿಡಿ. ಮೂರು ನಾಲ್ಕು ಮಿಲಿಮೀಟರ್ ದಪ್ಪದ ಫೈಬರ್‌ನಲ್ಲಿ ಸ್ಕ್ರೂವಿನ ಒಂದೆರಡು ಸುತ್ತುಗಳಷ್ಟೇ ಕಚ್ಚಿಕೊಳ್ಳುತ್ತವೆ. ಎಂಜಿನ್ ಅದುರಿದಂತೆಲ್ಲ ಅಲ್ಲಿನ ರಾಳ ಪುಡಿಯಾಗಿ ಉದುರುವುದರಿಂದ ಎಷ್ಟೇ ದೊಡ್ಡ ಸ್ಕ್ರೂ ಹಾಕಿದರೂ ಅದೇ ಗತಿ. ನಿಮಗೆ ಬೇಕಾದದ್ದು ವೆಲ್ ನಟ್. ಬಾಟಲಿಯ ಬೂಚಿನಂಥ ರಬ್ಬರ್ ಕೊಳವೆಯ ತಳದಲ್ಲಿ ಹಿತ್ತಾಳೆಯ ನಟ್ ಕೂತಿರುತ್ತದೆ. ಮುಂದಿನಿಂದ ತೂರಿಸಿ ಬೋಲ್ಟ್ ತಿರುಗಿಸಿದರೆ ರಬ್ಬರ್ ಹಿಂಬದಿಯಲ್ಲಿ ಉಬ್ಬಿ ತಾನೇ ಹಿಡಿದುಕೊಳ್ಳುತ್ತದೆ, ಅದುರುವಿಕೆಯನ್ನೂ ಹೀರುತ್ತದೆ. ಕೆಲವು ಬೈಕುಗಳ ವಿಂಡ್‌ಶೀಲ್ಡ್ ಹಿಡಿಸಲು ಇದನ್ನೇ ಬಳಸುವುದರಿಂದ ಬೈಕಿನ ಬಿಡಿಭಾಗದ ಅಂಗಡಿಯಲ್ಲೂ ವಿಚಾರಿಸಿ.

5 ಮಿ.ಮೀ. ಬೋಲ್ಟಿನದಕ್ಕೆ ಸುಮಾರು 10 ಮಿ.ಮೀ. ತೂತು ಬೇಕು, ಕೊಂಡ ನಟ್ಟನ್ನು ಅಳೆದ ಮೇಲೆಯೇ ಡ್ರಿಲ್ ಹಿಡಿಯಿರಿ. ಮೊದಲು ಬ್ಯಾಟರಿಯ ತಂತಿ ಬಿಚ್ಚಿ, ಒಳಗಿನ ವೈರುಗಳನ್ನು ಬದಿಗೆ ಕಟ್ಟಿ, ತೂತಿನ ಮೇಲೆ ಟೇಪ್ ಅಂಟಿಸಿ, ಚಿಕ್ಕ ಬಿಟ್‌ನಿಂದ ಹಂತ ಹಂತವಾಗಿ ದೊಡ್ಡದು ಮಾಡಿ. ಒಮ್ಮೆಲೇ ಹತ್ತರ ಬಿಟ್ ಒತ್ತಿದರೆ ಮೇಲಿನ ಹೊಳಪಿನ ಪದರ ಚಕ್ಕೆಯೇಳುತ್ತದೆ. ಫೈಬರ್ ಪುಡಿ ಮೈಗೆ ತಾಗಿದರೆ ಇಡೀ ದಿನ ತುರಿಕೆ, ಮುಖಕ್ಕೆ ಮಾಸ್ಕ್ ಇರಲಿ.

ಎಸ್ಟೇಟ್ ಜೀಪು, ಮೂಡಿಗೆರೆ:
ಜೀಪಿನ ಬಾಗಿಲಿನ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ನಾಲ್ಕು ಸಲ ಕಿತ್ತರೆ ಅವುಗಳ ಹಲ್ಲು ಮುರಿಯುತ್ತದೆ. ಆಯಸ್ಕಾಂತ ಇಡುವುದಾದರೆ ಪಕ್ಕದ ದಿಕ್ಸೂಚಿ ಸುಳ್ಳು ಹೇಳಲು ಶುರುಮಾಡುತ್ತದೆ.

ಭದ್ರಾ ಹಿನ್ನೀರು, ಲಕ್ಕವಳ್ಳಿ:
ಮೇಲಿನ ಸಲಹೆ ಸರಿಯಾಗಿದೆ, ಆದರೆ ಅಕ್ರಿಲಿಕ್ ಬಗ್ಗೆ ಯಾರೂ ಹೇಳಲಿಲ್ಲ. ಬಿಸಿಲಿಗೆ ಅದು ಹಿಗ್ಗುವುದರಿಂದ ಫಲಕದ ತೂತು ಬೋಲ್ಟಿಗಿಂತ ಒಂದು ಮಿಲಿಮೀಟರ್ ದೊಡ್ಡದಿರಲಿ. ಶಂಕುವಿನಾಕಾರದ ತಲೆಯ ಬೋಲ್ಟ್ ಬೆಣೆಯಂತೆ ಒತ್ತಿ ಸೀಳು ಬಿಡಿಸುತ್ತದೆ. ಚಪ್ಪಟೆ ವಾಷರ್ ಜೊತೆಗೆ ಅಗಲ ತಲೆಯದನ್ನೇ ಹಾಕಿ. ಬೋಲ್ಟ್ ಸಡಿಲವಾಗದಂತೆ ಹಚ್ಚುವ ಲಾಕಿಂಗ್ ದ್ರಾವಣವೂ ಅಕ್ರಿಲಿಕ್‌ನಲ್ಲಿ ಬಿರುಕು ತರಬಲ್ಲದು. ಸ್ಟೇನ್‌ಲೆಸ್‌ನಲ್ಲಿ 304 ದರ್ಜೆ ಸಾಕು. ಮಾಲಿಬ್ಡಿನಮ್ ಸೇರಿದ 316 ಬೇಕಾಗುವುದು ಕಡಲಿನ ಉಪ್ಪಿಗೆ, ಯಗಚಿಯ ಸಿಹಿನೀರಿಗಲ್ಲ.

ಯಗಚಿ ದಡ, ಬೇಲೂರು:
ಧನ್ಯವಾದಗಳು. ಒಂದು ತೂತು ಅಂಚಿನಿಂದ ಎಂಟು ಮಿಲಿಮೀಟರ್ ದೂರದಲ್ಲಷ್ಟೇ ಇದೆ. ಅಲ್ಲೂ ಹತ್ತರ ತೂತು ಕೊರೆಯಬಹುದೇ?

ಹಳೇ ವರ್ಕ್‌ಶಾಪ್, ಸಕಲೇಶಪುರ:
ಬೇಡ, ಅಂಚು ಹಾರಿಹೋದೀತು. ಅದನ್ನು ಎಪಾಕ್ಸಿಯಿಂದ ತುಂಬಿ, ಒಂದು ದಿನ ಒಣಗಲು ಬಿಟ್ಟು, ಅಂಚಿನಿಂದ ಇಪ್ಪತ್ತೈದು ಮಿಲಿಮೀಟರ್ ಒಳಕ್ಕೆ ಸರಿದು ಫಲಕಕ್ಕೂ ಫೈಬರ್‌ಗೂ ಹೊಸ ತೂತು ಕೊರೆಯಿರಿ. ಬೋಲ್ಟನ್ನು ಕೈಯ ಸ್ಕ್ರೂಡ್ರೈವರ್‌ನಿಂದಲೇ ಬಿಗಿಯಿರಿ. ಮೆಷಿನ್ ಹಿಡಿದರೆ ರಬ್ಬರ್ ಸಮೇತ ತಿರುಗುತ್ತದೆ.