ಪದಚರ್ಚೆ: ‘ಸಾಸಿವೆ ಅನಿಲ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗೆಂದು ಮೊದಲ ಮಹಾಯುದ್ಧದ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆಯುತ್ತಿದ್ದೇನೆ. ಮಸ್ಟರ್ಡ್ ಗ್ಯಾಸ್ ಬಂದ ಕಡೆಯೆಲ್ಲ ‘ಸಾಸಿವೆ ಅನಿಲ’ ಎಂದು ಬರೆದಿದ್ದೆ. ಮೊನ್ನೆ ಅಮ್ಮನಿಗೆ ಆ ಪುಟ ಓದಿ ಹೇಳಿದೆ. ಒಗ್ಗರಣೆಗೆ ಇಟ್ಟಿದ್ದ ಅಮ್ಮ ಸೌಟು ಹಿಡಿದುಕೊಂಡೇ ತಿರುಗಿ, “ಸಾಸಿವೆಯಿಂದ ಜನರನ್ನ ಸಾಯಿಸೋ ಗ್ಯಾಸ್ ಮಾಡ್ತಾರಾ?” ಎಂದು ಕೇಳಿದರು. ಮಕ್ಕಳೂ ಹೀಗೇ ಓದಿಕೊಳ್ಳುತ್ತಾರೆ ಅಲ್ವಾ? ಆವತ್ತಿನಿಂದ ಈ ಪದ ನನ್ನನ್ನು ಬಿಟ್ಟಿಲ್ಲ.

ಅದರಲ್ಲಿ ಸಾಸಿವೆಯೂ ಇಲ್ಲ, ನಿಜ ಹೇಳಬೇಕೆಂದರೆ ಅದು ಅನಿಲವೂ ಅಲ್ಲ. ಎಣ್ಣೆಯಂಥ ದ್ರವ. ಶುದ್ಧವಾಗಿಲ್ಲದಾಗ ಸಾಸಿವೆ ಅಥವಾ ಬೆಳ್ಳುಳ್ಳಿಯ ಘಾಟು ಬರುತ್ತದೆ, ಅದಕ್ಕೇ ಆ ಹೆಸರು. 1917ರ ಜುಲೈನಲ್ಲಿ ಬೆಲ್ಜಿಯಂನ ಈಪ್ರ್ ಪಟ್ಟಣದ ಹತ್ತಿರ ಜರ್ಮನ್ ಸೇನೆ ಇದನ್ನು ಮೊದಲು ಬಳಸಿತು. ಊರಿನ ಹೆಸರು ಹಿಡಿದು ಫ್ರೆಂಚರು ‘ಈಪೆರೀಟ್’ ಎಂದರು. ಜರ್ಮನರು ಇದನ್ನು ತುಂಬಿದ ಫಿರಂಗಿ ಶೆಲ್‌ಗಳ ಮೇಲೆ ಹಳದಿ ಶಿಲುಬೆಯ ಗುರುತು ಹಾಕುತ್ತಿದ್ದರು, ಅವರಿಗೆ ಅದು ‘ಹಳದಿ ಶಿಲುಬೆ’.

ಶೆಲ್ ಒಡೆದರೆ ಸಣ್ಣ ಹನಿಗಳಾಗಿ ಸಿಡಿಯುತ್ತದೆ. ಮಣ್ಣಿಗೆ, ಬಟ್ಟೆಗೆ, ಬೂಟಿಗೆ ಅಂಟಿಕೊಳ್ಳುತ್ತದೆ. ತಾಗಿದ ಕೂಡಲೇ ಉರಿಯುವುದೂ ಇಲ್ಲ. ಕೆಲವು ಗಂಟೆ ಕಳೆದ ಮೇಲೆ ಕಣ್ಣು ಊದಿ ಮುಚ್ಚಿಕೊಳ್ಳುತ್ತದೆ. ಕಂಕುಳಲ್ಲಿ, ತೊಡೆಸಂದಿಯಲ್ಲಿ, ಬೆವರು ಜಾಸ್ತಿ ಇರುವ ಕಡೆಯೆಲ್ಲ ನೀರುಗುಳ್ಳೆ ಏಳುತ್ತವೆ. ಗಾಯಾಳುಗಳ ಬಟ್ಟೆ ಬಿಚ್ಚಿದ ದಾದಿಯರಿಗೂ ತಗುಲುತ್ತಿತ್ತು. ಮುಖವಾಡ ಹಾಕಿಕೊಂಡರೆ ಸಾಲದು, ಮೈಯೆಲ್ಲ ಮುಚ್ಚಬೇಕು. ‘ಅನಿಲ’ ಎಂದು ಓದಿದ ಮಗು, ಮೂಗು ಮುಚ್ಚಿಕೊಂಡು ಗಾಳಿ ಬೀಸುವ ತನಕ ಕಾದರೆ ಸಾಕು ಎಂದುಕೊಳ್ಳುತ್ತದೆ. ತಪ್ಪು ಮಗುವಿನದಲ್ಲ, ನಮ್ಮ ಪದದ್ದು.

ಹಾಗಂತ ‘ಅನಿಲ’ ಎಲ್ಲ ಕಡೆ ತಪ್ಪಲ್ಲ. 1915ರ ಏಪ್ರಿಲ್ 22ರಂದು ಅದೇ ಈಪ್ರ್ ಬಳಿ ಜರ್ಮನರು 5,700ಕ್ಕೂ ಜಾಸ್ತಿ ಸಿಲಿಂಡರ್‌ಗಳ ಬಾಯಿ ತೆರೆದು 150 ಟನ್‌ಗೂ ಹೆಚ್ಚು ಕ್ಲೋರಿನ್ ಬಿಟ್ಟರು. ಅದು ಅನಿಲವೇ. ಗಾಳಿಗಿಂತ ಭಾರವಾದ್ದರಿಂದ ನೆಲ ಹಿಡಿದು ಹರಿದು ಕಂದಕಗಳಿಗೆ ಇಳಿಯಿತು. ಹಳೆಯ ಕನ್ನಡದಲ್ಲಿ ಅನಿಲ ಎಂದರೆ ಗಾಳಿ, ಅನಿಲಸುತ ಎಂದರೆ ಭೀಮ. ಕ್ಲೋರಿನ್ನಿಗೆ ಆ ಹಳೆಯ ಅರ್ಥವೂ ಹೊಂದುತ್ತದೆ, ಏಕೆಂದರೆ ಅದನ್ನು ಎದುರಾಳಿಯ ಕಡೆಗೆ ಒಯ್ದದ್ದು ಗಾಳಿಯೇ. ಬೇಕಾದ ದಿಕ್ಕಿಗೆ ಗಾಳಿ ಬೀಸಲಿ ಎಂದು ಜರ್ಮನರು ದಿನಗಟ್ಟಲೆ ಕಾದಿದ್ದರು. ಅದೇ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಲೂಸ್‌ನಲ್ಲಿ ಬ್ರಿಟಿಷರು ಕ್ಲೋರಿನ್ ಬಿಟ್ಟಾಗ ಕೆಲವು ಕಡೆ ಅದು ಅವರ ಮೇಲೇ ಬಂತು.

ನರಗಳಿಗೆ ಹೊಡೆತ ಕೊಡುವ ಸಾರಿನ್ ಎಂಬ ವಿಷದ ವಿಷಯದಲ್ಲಿ ಮತ್ತದೇ ತೊಡಕು. ‘ನರ ಅನಿಲ’ ಎಂದು ಬರೆಯುತ್ತಾರೆ. ಅದೂ ದ್ರವವೇ. 1995ರ ಮಾರ್ಚ್ 20ರಂದು ಟೋಕಿಯೊ ಸುರಂಗ ರೈಲಿನಲ್ಲಿ ದಾಳಿಕೋರರು ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿಟ್ಟಿದ್ದ ಸಾರಿನ್ನನ್ನು ಛತ್ರಿಯ ಚೂಪು ತುದಿಯಿಂದ ಚುಚ್ಚಿ ಹೊರಬಿಟ್ಟರು. ಇದಕ್ಕೆ ‘ನರವಿಷ’ ಸಾಕು ಅನಿಸುತ್ತದೆ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಯಾಕೆ ಎಂದು ಯಾರಿಗಾದರೂ ಅನಿಸಿದರೆ, ಯುದ್ಧದ ನಿಯಮಗಳ ಬಗ್ಗೆ ದೇಶಗಳು ಮಾಡಿಕೊಂಡ 1899ರ ಹೇಗ್ ಘೋಷಣೆ ನೋಡಿ. ಉಸಿರುಗಟ್ಟಿಸುವ ಅನಿಲ ಹರಡುವುದೊಂದೇ ಉದ್ದೇಶವಾಗಿರುವ ಶೆಲ್, ಗುಂಡುಗಳನ್ನು ಬಳಸಬಾರದು ಎಂದಿತ್ತು. ಈಪ್ರ್‌ನಲ್ಲಿ ಬಿಟ್ಟದ್ದು ಸಿಲಿಂಡರಿನಿಂದ, ಶೆಲ್‌ನಿಂದಲ್ಲ, ಆದ್ದರಿಂದ ಮಾತು ಮುರಿದಿಲ್ಲ ಎಂದು ಜರ್ಮನರು ವಾದಿಸಿದರು. 1925ರ ಜಿನೀವಾ ಪ್ರೋಟೋಕಾಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಅನಿಲದ ಜೊತೆಗೆ ದ್ರವ, ವಸ್ತು, ಸಾಧನಗಳನ್ನೂ ಸೇರಿಸಿದರು. ಆದರೂ ಇಂಗ್ಲಿಷ್ ಪ್ರತಿಯಲ್ಲಿ ‘ಇತರ ಅನಿಲಗಳು’, ಫ್ರೆಂಚ್ ಪ್ರತಿಯಲ್ಲಿ ‘ಅಂಥದೇ ಅನಿಲಗಳು’ ಎಂದಾಯಿತು. ಈ ಒಂದು ಪದದ ವ್ಯತ್ಯಾಸ ಹಿಡಿದು, ಅಶ್ರುವಾಯು ಇದರೊಳಗೆ ಬರುತ್ತದೋ ಇಲ್ಲವೋ ಎಂದು ದಶಕಗಳ ಕಾಲ ಜಗಳ ನಡೆಯಿತು. 1993ರ ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದ ಅದನ್ನು ಬಗೆಹರಿಸಿತು: ಪೊಲೀಸರು ಗುಂಪು ಚದುರಿಸಲು ಬಳಸಬಹುದು, ಯುದ್ಧದಲ್ಲಿ ಕೂಡದು.

‘ನಿಷೇಧ’ ಎಂದು ಸುಮ್ನೆ ಬರೆದರೂ ಸಾಲದು. 1925ರಲ್ಲಿ ನಿಷೇಧವಾದದ್ದು ಬಳಕೆ ಮಾತ್ರ. ತಯಾರಿಸಿ ಉಗ್ರಾಣದಲ್ಲಿ ಇಟ್ಟುಕೊಳ್ಳಲು ಅಡ್ಡಿ ಇರಲಿಲ್ಲ. ಅದನ್ನು ಒಪ್ಪಿದ್ದ ಇರಾಕ್, ಇರಾನ್ ಮೇಲೆ ಇಂಥ ವಿಷಗಳನ್ನು ಬಳಸಿತು. 1988ರ ಮಾರ್ಚ್ 16ರಂದು ಹಲಬ್ಜಾದಲ್ಲಿ ತನ್ನದೇ ನೆಲದ ಕುರ್ದ್ ಜನರ ಮೇಲೂ ಸುರಿಯಿತು. ತಯಾರಿ, ದಾಸ್ತಾನು, ಬಳಕೆ ಮೂರನ್ನೂ ತಡೆದದ್ದು 1997ರಲ್ಲಿ ಜಾರಿಗೆ ಬಂದ 1993ರ ಒಪ್ಪಂದ. ಆಗ ಭಾರತವೂ ತನ್ನಲ್ಲಿ 1,044 ಟನ್ ಮಸ್ಟರ್ಡ್ ಇದೆ ಎಂದು ತಿಳಿಸಿ, 2009ರ ಹೊತ್ತಿಗೆ ಪೂರ್ತಿ ನಾಶ ಮಾಡಿತು. ಹಾಗಾಗಿ ‘ಬಳಕೆ ನಿಷೇಧ’, ‘ಪೂರ್ಣ ನಿಷೇಧ’ ಎಂದು ಬಿಡಿಸಿ ಬರೆಯುತ್ತಿದ್ದೇನೆ.

‘ರಾಸಾಯನಿಕ ಅಸ್ತ್ರ’ ಮಾತ್ರ ನನಗೆ ತುಂಬ ಒಪ್ಪಿಗೆಯಾಯಿತು. ಕೈಯಲ್ಲಿ ಹಿಡಿದು ಹೊಡೆಯುವುದು ಶಸ್ತ್ರ, ಬಿಡುವುದು ಅಸ್ತ್ರ. ಕಾಕಾಸುರನ ಕತೆಯಲ್ಲಿ ರಾಮ ಎತ್ತಿಕೊಂಡದ್ದು ಬರೀ ದರ್ಭೆಯ ಕಡ್ಡಿ, ಮಂತ್ರಿಸಿ ಬಿಟ್ಟದ್ದರಿಂದ ಬ್ರಹ್ಮಾಸ್ತ್ರವಾಯಿತು. ಕ್ಲೋರಿನ್ ನಮ್ಮ ನಲ್ಲಿ ನೀರಿನಲ್ಲೂ ಇದೆ. ಆ ಯುದ್ಧದಲ್ಲಿ ಬಹಳ ಜನರನ್ನು ಕೊಂದ ಫಾಸ್ಜೀನ್ ಇವತ್ತಿಗೂ ಪ್ಲಾಸ್ಟಿಕ್, ಕೀಟನಾಶಕಗಳ ತಯಾರಿಗೆ ಬೇಕು. ಒಪ್ಪಂದ ನೋಡುವುದೂ ಯಾವ ವಸ್ತು ಎಂದಷ್ಟೇ ಅಲ್ಲ, ಯಾವ ಉದ್ದೇಶಕ್ಕೆ ಎಂದು.

ಈಗ ನನ್ನ ಪ್ರಶ್ನೆ. ಮಸ್ಟರ್ಡಿಗೆ ‘ಗುಳ್ಳೆವಿಷ’ ಎಂದರೆ ಹೇಗೆ? ‘ಬೊಬ್ಬೆವಿಷ’ವನ್ನೂ ಯೋಚಿಸಿದೆ, ಆದರೆ ಬೊಬ್ಬೆ ಎಂದರೆ ಕೂಗಾಟ ಎಂದೂ ಆಗುತ್ತದೆ. ಬಿಸಿ ಎಣ್ಣೆ ಸಿಡಿದು ಕೈ ಸುಟ್ಟಾಗ ನೀರು ತುಂಬಿ ಏಳುತ್ತದಲ್ಲ, ಅದಕ್ಕೆ ನಿಮ್ಮ ಕಡೆ ಏನಂತಾರೆ? ಧಾರವಾಡ, ಕಲಬುರ್ಗಿ, ಕುಂದಾಪುರದ ಕಡೆಯವರು ದಯವಿಟ್ಟು ತಿಳಿಸಿ.