ಕ್ಯಾಂಪಸ್ ಟೂರ್ ಗೈಡ್ ಆಗಿದ್ದವರು ಅನುಭವ ಹೇಳಿ

ಹೊಸಗೈಡ್: ಕಾಲೇಜು ನೋಡಲು ಬರುವ ಮಕ್ಕಳು, ಅಪ್ಪ ಅಮ್ಮಂದಿರಿಗೆ ಕ್ಯಾಂಪಸ್ ಸುತ್ತಿಸುವ ತಂಡಕ್ಕೆ ಆಯ್ಕೆಯಾಗಿದ್ದೇನೆ. ಜನರ ಮುಂದೆ ನಿಂತರೆ ಗಂಟಲು ಒಣಗುತ್ತದೆ. ಜೊತೆಗಿರುವ ಸೀನಿಯರ್ ನನಗೆ ಬಾಯಿ ತೆರೆಯಲು ಬಿಡುವುದಿಲ್ಲ. ಮುಂದುವರಿಯಲೇ, ಬಿಡಲೇ?

ಮುಂದಿನಸಾಲು: ಬಿಡಬೇಡಿ. ನಾನು ಇಡೀ ಸ್ಕ್ರಿಪ್ಟ್ ಬಾಯಿಪಾಠ ಮಾಡಿಕೊಂಡು ಹೋದವನು. ಲ್ಯಾಬ್ ಮುಂದೆ ಒಬ್ಬ ತಂದೆ ನಡುವೆ ಬಾಯಿ ಹಾಕಿ "ಎಷ್ಟು ಜನಕ್ಕೆ ಕೆಲಸ ಸಿಗುತ್ತದೆ?" ಎಂದರು. ಅಲ್ಲಿಗೆ ಎಲ್ಲ ಮರೆತುಹೋಯಿತು. ಆಮೇಲೆ ಒಂದೊಂದು ಜಾಗಕ್ಕೆ ಎರಡೇ ವಿಷಯ: ಅಲ್ಲಿ ಏನು ನಡೆಯುತ್ತದೆ, ನನಗೆ ಅಲ್ಲಿ ಏನಾಯಿತು. ಯಾರಾದರೂ ಪ್ರಶ್ನೆ ಕೇಳಿದರೆ ಮೊದಲು ಅದನ್ನೇ ಜೋರಾಗಿ ಮತ್ತೆ ಹೇಳುತ್ತಿದ್ದೆ. ಹಿಂದಿನವರಿಗೂ ಕೇಳುತ್ತದೆ, ಅಷ್ಟರಲ್ಲಿ ಉತ್ತರವೂ ಹೊಳೆಯುತ್ತದೆ. ವರ್ಷದ ಕೊನೆಗೆ ಹೊಸಬರಿಗೆ ತರಬೇತಿ ಕೊಟ್ಟಿದ್ದು ನಾನೇ.

ಬಾಲಂಗೋಚಿ: ನಿಮಗೇನಪ್ಪ, ಮೈಕ್ ನಿಮ್ಮ ಕೈಯಲ್ಲಿತ್ತು. ನಾನು ವರ್ಷವಿಡೀ ಗುಂಪಿನ ಹಿಂದೆ. ಫೋಟೋ ತೆಗೆಯುತ್ತಾ ನಿಂತವರನ್ನು ಕರೆತರಬೇಕು. ಮೆಟ್ಟಿಲು ಹತ್ತಲಾಗದ ಅಜ್ಜಿಯನ್ನು ಲಿಫ್ಟ್‌ಗೆ ಕರೆದೊಯ್ಯಬೇಕು. ಲೈಬ್ರರಿಯಲ್ಲಿ ಇನ್ನೊಂದು ಗುಂಪಿದೆ ಎಂದು ಮುಂದಿರುವವರಿಗೆ ಮೆಸೇಜ್ ಹಾಕಬೇಕು. ಅದನ್ನು ಅವರು ನೋಡಿದರೆ ತಾನೇ! ಎರಡು ಗುಂಪು ಒಂದೇ ಬಾಗಿಲಲ್ಲಿ ಸಿಕ್ಕಿಕೊಂಡರೆ ಬೈಸಿಕೊಳ್ಳುವುದು ನಾನು. ರಜೆಯ ದಿನಗಳು ಹೋದವು, ಇಂಟರ್ನಲ್ಸ್ ಅಂಕ ಹೋಯಿತು, ಮಳೆಯಲ್ಲಿ ಶೂ ಹೋಯಿತು. ಅಟೆಂಡೆನ್ಸ್ ಪತ್ರಕ್ಕೆ ಸಹಿ ಹಾಕಿಸಲು ಅಲೆದದ್ದು ಬೇರೆ. ಸಿಕ್ಕಿದ್ದು ಒಂದು ಟಿ-ಶರ್ಟ್, ಅದೂ ದೊಗಲೆ. ಆದರೆ ಹಾಸ್ಟೆಲ್‌ನಲ್ಲಿ ರಾತ್ರಿ ಜ್ವರ ಬಂದರೆ ಯಾರು ನೋಡುತ್ತಾರೆ ಅಂತ ಅಮ್ಮಂದಿರು ಕೇಳಿದ್ದು ನನ್ನನ್ನೇ, ಮೈಕ್ ಹಿಡಿದವರನ್ನಲ್ಲ.

ಮುಂದಿನಸಾಲು: ಹೊಸಗೈಡ್ ಕೇಳಿದ್ದು ಮಾತಾಡುವ ಬಗ್ಗೆ. ಹಿಂದೆ ನಡೆಯಲು ಧೈರ್ಯ ಬೇಕಾಗಿಲ್ಲ ಅಲ್ವಾ?

ಬಾಲಂಗೋಚಿ: ತಲೆ ಎಣಿಸದೆ ಮುಂದೆ ಹೋಗಲೂ ಬೇಕಾಗಿಲ್ಲ ಬಿಡಿ.

ಗಂಟಲುಕಟ್ಟಿದವಳು: ಇಬ್ಬರೂ ಸುಮ್ನಿರಿ. ನನಗೆ ದನಿ ಕೂತುಹೋಗಿ ವೈವಾದಲ್ಲಿ, ಅಂದರೆ ಬಾಯಲ್ಲೇ ಉತ್ತರ ಹೇಳುವ ಪರೀಕ್ಷೆಯಲ್ಲಿ, ಉತ್ತರ ಬರೆದು ತೋರಿಸಬೇಕಾಯಿತು. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಅದಕ್ಕೇ ಗುಂಪನ್ನು ಹತ್ತಿರ ಕರೆಯಿರಿ, ಅರ್ಧ ಸುತ್ತಾಗಿ ನಿಲ್ಲಿಸಿ. ಬಿಸಿಲು ನಿಮ್ಮ ಮುಖಕ್ಕೆ ಬೀಳಲಿ, ಅವರ ಕಣ್ಣಿಗೆ ಬೇಡ. ಕೊನೆಯವರು ಬಂದು ನಿಂತ ಮೇಲೆ ಶುರು ಮಾಡಿ. ನನ್ನ ಜೊತೆಗಾರ ಅರ್ಧ ಕಟ್ಟಡಗಳನ್ನು ವಹಿಸಿಕೊಂಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಆತ ಮರದ ನೆರಳಲ್ಲಿ ಫೋನ್ ನೋಡುತ್ತಿದ್ದ.

ಹಿಮ್ಮುಖ: ನಾನಂತೂ ಹಿಂದಕ್ಕೆ ಹೆಜ್ಜೆ ಹಾಕುತ್ತಲೇ ಮಾತಾಡುತ್ತಿದ್ದೆ. ಜನರ ಮುಖ ಕಾಣಬೇಕು ರೀ. ಬೆನ್ನು ತೋರಿಸಿ ಮಾತಾಡುವವರು ಗೈಡೇ ಅಲ್ಲ.

ಬಾಲಂಗೋಚಿ: ಸೈಕಲ್ ಸ್ಟ್ಯಾಂಡ್‌ಗೆ ಗುದ್ದಿಕೊಂಡಾಗ ಎತ್ತಿದ್ದು ಯಾರು?

ಹಿಮ್ಮುಖ: ಬೀಳುವವರು ಬೀಳುತ್ತಾರೆ. ಮೆಟ್ಟಿಲು ಬಂತು ಅಂತ ಜೊತೆಗಾರರು ಕೈ ಎತ್ತಿ ತೋರಿಸಬೇಕು. ಅದು ನಿಮ್ಮ ಕೆಲಸ.

ಹೊಸಗೈಡ್: ನನ್ನ ಸೀನಿಯರ್ ವಿಷಯ?

ಮುಂದಿನಸಾಲು: ನಾನು ಅವರ ಪರ. ಹೊಸಬರು ಫೀಸ್ ತಪ್ಪಾಗಿ ಹೇಳಿಬಿಟ್ಟರೆ ಆಫೀಸಿನಲ್ಲಿ ನಿಂತು ಉತ್ತರ ಕೊಡುವುದು ಅವರೇ.

ಬಾಲಂಗೋಚಿ: ಈಗ ಗೊತ್ತಾಯಿತು. ಸ್ಪೀಕರ್ ಚಾರ್ಜ್‌ಗೆ ಹಾಕದೆ ಕಪಾಟಿನಲ್ಲಿಟ್ಟು ಹೋಗುತ್ತಿದ್ದದ್ದೂ ನಿಮ್ಮಂಥವರೇ.